ಲ್ಯಾಪ್‌ಟಾಪಿನ ಚಿತ್ರ ಟಿವಿಗೆ: ಎರಡು ಅಡಾಪ್ಟರು, ಮೂರು ಕೇಬಲು ಮತ್ತು ಮದ್ದಳೆ ಬಲ್ಲ ಕಿವಿ

ಉಡುಪಿಯ ಕುಂಜಿಬೆಟ್ಟಿನಲ್ಲಿರುವ ನಮ್ಮ ಮನೆಯ ಚಾವಡಿಯಲ್ಲಿ 43 ಇಂಚಿನ 4ಕೆ ಟಿವಿ ಇದೆ. ಅದರ ಎದುರು ಹೆಚ್ಚು ಹೊತ್ತು ಕುಳಿತುಕೊಳ್ಳುವವರು ನನ್ನ ತಂದೆ. ಹವ್ಯಾಸಿ ಮದ್ದಳೆಗಾರರಾಗಿ ಹಲವು ವರ್ಷ ತಾಳಮದ್ದಳೆ ಕೂಟಗಳಲ್ಲಿ ಕುಳಿತವರು. ಈಗ ಮೊಣಕಾಲು ನೋವಿನಿಂದಾಗಿ ಯಕ್ಷಗಾನದ ಆಟಕ್ಕೆ ಹೋಗಿ ರಾತ್ರಿಯಿಡೀ ಕೂರಲು ಆಗುವುದಿಲ್ಲ. ಅವರೂ ಅವರ ಸ್ನೇಹಿತರೂ ಸೇರಿಸಿಟ್ಟ ಹಳೆಯ ಯಕ್ಷಗಾನದ ವೀಡಿಯೊ ಟೇಪುಗಳನ್ನು ಕೆಲವು ವರ್ಷಗಳ ಹಿಂದೆ ಡಿಜಿಟಲ್ ರೂಪಕ್ಕೆ ತಂದು ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿಟ್ಟಿದ್ದೇವೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಚಿತ್ರವನ್ನೂ ಶಬ್ದವನ್ನೂ ಒಟ್ಟಿಗೆ ಸಾಗಿಸುವ ಎಚ್‌ಡಿಎಂಐ ಪೋರ್ಟ್ ಇದ್ದುದರಿಂದ ಅದನ್ನು ಟಿವಿಗೆ ಜೋಡಿಸುವುದು ಒಂದು ಸಂಗತಿಯೇ ಆಗಿರಲಿಲ್ಲ. ಹೊಸದಾಗಿ ಕೊಂಡ ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಇರುವುದು ಎರಡು ಯುಎಸ್‌ಬಿ-ಸಿ ಪೋರ್ಟುಗಳು ಮಾತ್ರ. ಹಾಗಾಗಿ ನಾಲ್ಕು ತಿಂಗಳ ಅವಧಿಯಲ್ಲಿ ನಾನು ಎರಡು ಅಡಾಪ್ಟರುಗಳನ್ನೂ ಮೂರು ಕೇಬಲುಗಳನ್ನೂ ಕೊಂಡೆ, ತಂತಿಯಿಲ್ಲದೆ ಜೋಡಿಸುವ ದಾರಿಯನ್ನೂ ಪರೀಕ್ಷಿಸಿದೆ. ಇವುಗಳಲ್ಲಿ ಎರಡು ವಸ್ತುಗಳು ಈಗ ಮೇಜಿನ ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿವೆ.

ಮೊದಲಿಗೆ, ಯಾರಿಗೆ ಇದರ ಅಗತ್ಯವಿಲ್ಲ ಎಂಬುದನ್ನು ಹೇಳಬೇಕು. ಯೂಟ್ಯೂಬ್ ಅಥವಾ ಸಿನಿಮಾ ಆ್ಯಪುಗಳನ್ನು ನೋಡುವುದಷ್ಟೇ ಉದ್ದೇಶವಾಗಿದ್ದರೆ ಲ್ಯಾಪ್‌ಟಾಪನ್ನು ಟಿವಿಗೆ ಕಟ್ಟಿಹಾಕುವುದು ವ್ಯರ್ಥ ಶ್ರಮ. ಟಿವಿಯೊಳಗಿನ ಆ್ಯಪೇ ಒಳ್ಳೆಯ ಚಿತ್ರ ಕೊಡುತ್ತದೆ, ರಿಮೋಟಿನಲ್ಲಿ ನಡೆಯುತ್ತದೆ, ಹಿರಿಯರಿಗೂ ಕೈಗೆ ಒಗ್ಗುತ್ತದೆ. ಲ್ಯಾಪ್‌ಟಾಪ್ ಬೇಕಾಗುವುದು ಟಿವಿಗೆ ಅರ್ಥವಾಗದ ಕಡತಗಳಿಗೆ. ನಮ್ಮ ಟೇಪಿನ ವೀಡಿಯೊಗಳನ್ನು ಪೆನ್ ಡ್ರೈವಿನಲ್ಲಿ ಹಾಕಿ ಟಿವಿಗೆ ಚುಚ್ಚಿದರೆ ಕೆಲವು ಕಡತಗಳಿಗೆ ಚಿತ್ರ ಬಂದರೂ ಶಬ್ದವಿಲ್ಲ, ಇನ್ನು ಕೆಲವು ಪಟ್ಟಿಯಲ್ಲಿಯೇ ಕಾಣುವುದಿಲ್ಲ. ಮನೆಯ ಕಾರ್ಯಕ್ರಮದ ಖರ್ಚಿನ ಲೆಕ್ಕವನ್ನು ಎಲ್ಲರೂ ಒಟ್ಟಿಗೆ ನೋಡುವುದಕ್ಕೆ, ದುಬೈಯಲ್ಲಿರುವ ಅಕ್ಕನ ಜೊತೆ ದೊಡ್ಡ ಪರದೆಯಲ್ಲಿ ಮಾತಾಡುವುದಕ್ಕೆ ಕೂಡ ಲ್ಯಾಪ್‌ಟಾಪೇ ಅನುಕೂಲ. ಇಷ್ಟು ಕಾರಣಗಳಿದ್ದವರು ಮುಂದೆ ಓದಬಹುದು.

ಮೊದಲನೆಯ ಅಡಾಪ್ಟರನ್ನು ನಮ್ಮ ಪೇಟೆಯ ಒಂದು ಮೊಬೈಲ್ ಬಿಡಿಭಾಗಗಳ ಅಂಗಡಿಯಲ್ಲಿ 499 ರೂಪಾಯಿಗೆ ಕೊಂಡೆ. ಡಬ್ಬದ ಮೇಲೆ '4ಕೆ' ಎಂದು ಹೆಬ್ಬೆರಳಿನಷ್ಟು ದೊಡ್ಡದಾಗಿ ಅಚ್ಚಾಗಿತ್ತು. ಮನೆಗೆ ತಂದು ಜೋಡಿಸಿದಾಗ ಚಿತ್ರವೂ ಬಂತು. ಆದರೆ ಮೌಸಿನ ಬಾಣವನ್ನು ಸರಿಸಿದರೆ ಅದು ಹರಿಯುವ ಬದಲು ಹೆಜ್ಜೆ ಹಾಕುತ್ತ ಬರುತ್ತಿತ್ತು, ಪುಟವನ್ನು ಮೇಲೆ ಕೆಳಗೆ ಸರಿಸಿದರೆ ಅಕ್ಷರಗಳು ಎಳೆದಾಡಿದಂತೆ ಕಾಣುತ್ತಿದ್ದವು. ವಿಂಡೋಸಿನಲ್ಲಿ ಡಿಸ್‌ಪ್ಲೇ ಸೆಟ್ಟಿಂಗಿನ ಒಳಹೊಕ್ಕು ನೋಡಿದಾಗ ಪರದೆ ಒಂದು ಸೆಕೆಂಡಿಗೆ ಬದಲಾಗುತ್ತಿದ್ದುದು ಕೇವಲ 30 ಸಲ. ಡಬ್ಬವನ್ನು ಮತ್ತೆ ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ, ಆಮದುದಾರರ ವಿಳಾಸದ ಕೆಳಗೆ, ಇರುವೆಯ ಗಾತ್ರದ ಅಕ್ಷರಗಳಲ್ಲಿ '30 ಹರ್ಟ್ಸ್' ಎಂದು ಇತ್ತು. ಅಂದರೆ ಅವರು ಸುಳ್ಳು ಹೇಳಿರಲಿಲ್ಲ, ಅಷ್ಟೆ.

ಈ 30 ಮತ್ತು 60ರ ವ್ಯತ್ಯಾಸಕ್ಕೆ ಸರಳವಾದ ಹಿನ್ನೆಲೆಯೊಂದಿದೆ. ಎಚ್‌ಡಿಎಂಐ ಮಾನದಂಡ ಮೊದಲು ಬಂದದ್ದು 2002ರಲ್ಲಿ. 4ಕೆ ಚಿತ್ರಕ್ಕೆ ಅವಕಾಶ ಸಿಕ್ಕಿದ್ದು 2009ರ 1.4ನೇ ಆವೃತ್ತಿಯಲ್ಲಿ, ಆದರೆ ಅದರ ದಾರಿಯ ಅಗಲ ಸೆಕೆಂಡಿಗೆ 10.2 ಗಿಗಾಬಿಟ್ ಮಾತ್ರ ಆದ್ದರಿಂದ 3840 ಅಡ್ಡ, 2160 ಉದ್ದದ ಚುಕ್ಕೆಗಳನ್ನು ಸೆಕೆಂಡಿಗೆ 30 ಸಲಕ್ಕಿಂತ ಹೆಚ್ಚು ಕಳುಹಿಸಲು ಆಗುತ್ತಿರಲಿಲ್ಲ. 2013ರ 2.0 ಆವೃತ್ತಿ ಆ ಅಗಲವನ್ನು 18 ಗಿಗಾಬಿಟ್‌ಗೆ ಏರಿಸಿತು, 60 ಸಲ ಸಾಧ್ಯವಾಯಿತು. 2017ರ 2.1 ಆವೃತ್ತಿ 48 ಗಿಗಾಬಿಟ್‌ವರೆಗೆ ಹೋಗಿದೆಯಾದರೂ ನಮ್ಮಂಥ ಸಾಮಾನ್ಯ ಮನೆಬಳಕೆಗೆ 2.0 ಧಾರಾಳ ಸಾಕು. ಇಂಥ ಅಗ್ಗದ ಅಡಾಪ್ಟರಿನೊಳಗೆ 1.4ರ ಕಾಲದ ಚಿಪ್ ಕೂತಿರುತ್ತದೆ. ಅದನ್ನು ಯಾವ ಸೆಟ್ಟಿಂಗೂ ಬದಲಿಸುವುದಿಲ್ಲ. ಸಿನಿಮಾಗಳು ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಇರುವುದರಿಂದ 30 ಹರ್ಟ್ಸ್ ಸಾಕಲ್ಲವೇ ಎಂದು ಅಂಗಡಿಯವರು ವಾದಿಸಿದರು. ಸಿನಿಮಾಕ್ಕೆ ಅದು ಹೇಗೋ ಒಗ್ಗಬಹುದು, ಆದರೆ ಕಂಪ್ಯೂಟರಿನಂತೆ ಬಳಸುವವರಿಗೆ ಹತ್ತು ನಿಮಿಷದಲ್ಲಿ ತಲೆನೋವು ಬರುತ್ತದೆ. ವಾಪಸು ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ಡಬ್ಬದ ಸೀಲು ಒಡೆದಿತ್ತು ಎಂಬುದು ಅವರು ಕೊಟ್ಟ ಕಾರಣ. ಸೀಲು ಒಡೆಯದೆ ಅಡಾಪ್ಟರನ್ನು ಪರೀಕ್ಷಿಸುವುದು ಹೇಗೆ ಎಂಬ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಎರಡನೆಯದನ್ನು ಮಂಗಳೂರಿನಲ್ಲಿ ಕೊಂಡೆ. ಸುರತ್ಕಲ್ಲಿನಲ್ಲಿರುವ ಭಾವನ ಮನೆಗೆ ಹೋದವನು ಅಲ್ಲಿಂದ ಹಂಪನಕಟ್ಟೆಗೆ ಇಳಿದು, ಕಂಪ್ಯೂಟರ್ ಬಿಡಿಭಾಗಗಳ ಒಂದು ಸಣ್ಣ ಅಂಗಡಿಗೆ ನುಗ್ಗಿದೆ. ಬೇಕಾದುದನ್ನು ಹೇಳಿದ ಕೂಡಲೇ ಅಂಗಡಿಯ ಹಿರಿಯರು ಕಪಾಟಿಗೆ ಕೈ ಹಾಕಲಿಲ್ಲ. "ಲ್ಯಾಪ್‌ಟಾಪ್ ತಂದಿದ್ದೀರಾ? ಎಲ್ಲ ಸಿ ಪೋರ್ಟಲ್ಲೂ ಟಿವಿ ಬರುದಿಲ್ಲ ಮಾರಾಯ್ರೆ, ಮೊದಲು ಹಾಕಿ ನೋಡುವ" ಎಂದರು. ಚೀಲದಿಂದ ತೆಗೆದು ಕೊಟ್ಟೆ. ಅವರು ಪೋರ್ಟಿನ ಪಕ್ಕದ ಗುರುತನ್ನು ಕನ್ನಡಕ ಏರಿಸಿ ನೋಡಿದರು, ಆಮೇಲೆ ತಮ್ಮ ಮೇಜಿನ ಮಾನಿಟರಿಗೆ ಜೋಡಿಸಿ 60 ಹರ್ಟ್ಸ್ ಬರುವುದನ್ನು ನನಗೆ ತೋರಿಸಿದರು, ಆ ನಂತರವೇ ಬಿಲ್ಲು ಬರೆದರು. ಬೆಲೆ 1,250 ರೂಪಾಯಿ. ಮೊದಲನೆಯದರ ಎರಡೂವರೆ ಪಟ್ಟು ನಿಜ, ಆದರೆ ಆ ಐದು ನಿಮಿಷದ ಪರೀಕ್ಷೆಯ ಬೆಲೆಯೂ ಅದರಲ್ಲಿ ಸೇರಿದೆ ಎಂದು ನಾನು ಲೆಕ್ಕ ಹಾಕಿದ್ದೇನೆ.

ಅವರು ಹೇಳಿದ ಮಾತು ಕೊಳ್ಳುವ ಪ್ರತಿಯೊಬ್ಬರಿಗೂ ತಿಳಿದಿರಬೇಕಾದದ್ದು. ಯುಎಸ್‌ಬಿ-ಸಿ ಎಂಬುದು ಪೋರ್ಟಿನ ಆಕಾರದ ಹೆಸರೇ ಹೊರತು ಅದರ ಸಾಮರ್ಥ್ಯದ ಹೆಸರಲ್ಲ. ಅದೇ ಅಂಡಾಕಾರದ ಬಾಯಿಯಿಂದ ಚಾರ್ಜು ಮಾತ್ರ ಹೋಗಬಹುದು, ಚಾರ್ಜಿನ ಜೊತೆ ಕಡತಗಳೂ ಹೋಗಬಹುದು, ಇಲ್ಲವೇ ಇವೆರಡರ ಜೊತೆ ಚಿತ್ರವೂ ಹೋಗಬಹುದು. ಚಿತ್ರ ಹೋಗಬೇಕಾದರೆ ತಯಾರಕರು ಆ ಪೋರ್ಟಿಗೆ ಡಿಸ್‌ಪ್ಲೇಪೋರ್ಟ್ ಎಂಬ ಚಿತ್ರದ ಸಂಕೇತವನ್ನು ಸಾಗಿಸುವ ವ್ಯವಸ್ಥೆಯನ್ನು ಒಳಗೆಯೇ ಮಾಡಿರಬೇಕು; 2014ರಲ್ಲಿ ಬಂದ ಆ ವ್ಯವಸ್ಥೆಯನ್ನು ಆಲ್ಟ್ ಮೋಡ್ ಎಂದು ಕರೆಯುತ್ತಾರೆ. ಪೋರ್ಟಿನ ಪಕ್ಕದಲ್ಲಿ ಡಿ ಮತ್ತು ಪಿ ಅಕ್ಷರಗಳು ಬೆಸೆದಂಥ ಗುರುತೋ ಥಂಡರ್‌ಬೋಲ್ಟಿನ ಮಿಂಚಿನ ಗುರುತೋ ಇದ್ದರೆ ಧೈರ್ಯವಾಗಿ ಕೊಳ್ಳಬಹುದು. ಗುರುತು ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆಯನ್ನು ತಯಾರಕರ ತಾಣದಲ್ಲಿ ಹುಡುಕಿ ನೋಡಿಯೇ ಮುಂದುವರಿಯಬೇಕು. ನನ್ನ ಲ್ಯಾಪ್‌ಟಾಪಿನ ಎರಡು ಪೋರ್ಟುಗಳಲ್ಲಿ ಚಿತ್ರ ಬರುವುದು ಎಡಬದಿಯದರಲ್ಲಿ ಮಾತ್ರ ಎಂಬುದು ನನಗೆ ತಿಳಿದದ್ದೇ ಆ ಅಂಗಡಿಯಲ್ಲಿ. ಟಿವಿಯ ಹಿಂಬದಿಯಲ್ಲಿರುವ ಯುಎಸ್‌ಬಿ ಪೋರ್ಟಿಗೆ ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಕೇಬಲ್ ಎಳೆದರೆ ಆಯಿತಲ್ಲ ಎಂದು ಕೇಳುವವರೂ ಇದ್ದಾರೆ. ಆ ಪೋರ್ಟ್ ಇರುವುದು ಪೆನ್ ಡ್ರೈವಿಗೆ; ಅದರ ಮೂಲಕ ಲ್ಯಾಪ್‌ಟಾಪಿನ ಪರದೆ ಟಿವಿಗೆ ಬರುವುದಿಲ್ಲ.

ಈ ಎರಡನೆಯ ಅಡಾಪ್ಟರಿನ ಹೆಸರನ್ನು ನಾನು ಬರೆಯುತ್ತಿಲ್ಲ. ಹೆಸರಿಗಿಂತ ಡಬ್ಬದ ಮೇಲಿನ ಎರಡು ವಿವರಗಳು ಮುಖ್ಯ: 4ಕೆ ಎಂಬುದರ ಜೊತೆಯಲ್ಲಿ 60 ಹರ್ಟ್ಸ್ ಎಂದು ಇರಬೇಕು, ಮತ್ತು ಚಾರ್ಜರನ್ನು ಅಡಾಪ್ಟರಿಗೇ ಚುಚ್ಚುವ ಇನ್ನೊಂದು ಪೋರ್ಟ್ ಇರಬೇಕು. ಎರಡನೆಯದು ಇಲ್ಲದಿದ್ದರೆ, ನನ್ನಂತೆ ಒಂದೇ ಪೋರ್ಟಿನಲ್ಲಿ ಚಿತ್ರ ಬರುವವರು, ಇನ್ನೊಂದರಲ್ಲಿ ಹಾರ್ಡ್ ಡಿಸ್ಕ್ ಚುಚ್ಚಿದ ಮೇಲೆ, ಬ್ಯಾಟರಿ ಮುಗಿಯುವವರೆಗಷ್ಟೇ ಆಟ ನೋಡಬಹುದು. ಪ್ರಸಂಗವೋ ನಾಲ್ಕು ಗಂಟೆಯದು. ಅಲ್ಯೂಮಿನಿಯಂ ಕವಚ ಗಟ್ಟಿಯಾಗಿದೆ. ಒಂದು ಗಂಟೆಯ ನಂತರ ಮುಟ್ಟಿದರೆ ಕಾಫಿ ಲೋಟದಷ್ಟು ಬಿಸಿ ಇರುತ್ತದೆ, ಮೊದಮೊದಲು ಗಾಬರಿಯಾಯಿತು, ನಾಲ್ಕು ತಿಂಗಳಲ್ಲಿ ಏನೂ ಆಗಿಲ್ಲ. ನನಗೆ ಇಷ್ಟವಾಗದ್ದು ಅದರ ಬಾಲ. ಹದಿನೈದು ಸೆಂಟಿಮೀಟರಿನ ಬಿಗಿ ತಂತಿ, ಭಾರದ ಎಚ್‌ಡಿಎಂಐ ಕೇಬಲನ್ನು ಚುಚ್ಚಿದಾಗ ಮೇಜಿನ ಅಂಚಿನಿಂದ ಜೋತು ಬೀಳುತ್ತದೆ, ಆ ಎಳೆತವೆಲ್ಲ ಲ್ಯಾಪ್‌ಟಾಪಿನ ಪೋರ್ಟಿನ ಮೇಲೆ ಬೀಳುತ್ತದೆ. ಪೋರ್ಟ್ ಸಡಿಲವಾದರೆ ಮದರ್‌ಬೋರ್ಡಿಗೇ ಕೈ ಹಾಕಬೇಕಾದೀತು ಎಂಬ ಭಯದಿಂದ ನಾನು ಕೇಬಲನ್ನು ಮೇಜಿಗೆ ಒಂದು ಕ್ಲಿಪ್ಪಿನಿಂದ ಹಿಡಿಸಿದ್ದೇನೆ. ಏಳೆಂಟು ಪೋರ್ಟುಗಳ ದೊಡ್ಡ ಹಬ್, ಅಂದರೆ ಒಂದೇ ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆಯನ್ನು, ಕೊಳ್ಳುವ ಆಸೆ ಇದ್ದವರಿಗೆ ಒಂದು ಎಚ್ಚರಿಕೆಯ ಮಾತು: ಯುಎಸ್‌ಬಿ-ಸಿಯೊಳಗೆ ಚಿತ್ರಕ್ಕೆ ನಾಲ್ಕು ಓಣಿಗಳಿವೆ, ವೇಗದ ಯುಎಸ್‌ಬಿ ಪೋರ್ಟುಗಳಿರುವ ಹಬ್ ಅವುಗಳಲ್ಲಿ ಎರಡನ್ನು ಕಡತ ಸಾಗಣೆಗೆ ತೆಗೆದುಕೊಳ್ಳುತ್ತದೆ, ಲ್ಯಾಪ್‌ಟಾಪ್ ಸ್ವಲ್ಪ ಹಳೆಯದಾಗಿದ್ದರೆ ಉಳಿದ ಎರಡರಲ್ಲಿ ಮತ್ತೆ ಅದೇ 30 ಹರ್ಟ್ಸ್ ಬರುತ್ತದೆ.

ಕೇಬಲುಗಳ ಕಥೆ ಚಿಕ್ಕದು. ಒಂದೂವರೆ ಮೀಟರಿನ 350 ರೂಪಾಯಿಯದು ಚೆನ್ನಾಗಿ ಕೆಲಸ ಮಾಡಿತು, ಆದರೆ ಲ್ಯಾಪ್‌ಟಾಪನ್ನು ಟಿವಿಯ ಕೆಳಗಿನ ಶೋಕೇಸಿನ ಮೇಲೆಯೇ ಇಡಬೇಕಾಗುತ್ತಿತ್ತು. ವೀಡಿಯೊ ನಿಲ್ಲಿಸಬೇಕೆಂದರೆ ತಂದೆ ನನ್ನನ್ನು ಕರೆಯಬೇಕು. ಆಮೇಲೆ ಕೊಂಡ ಹತ್ತು ಮೀಟರಿನ ಅಗ್ಗದ ಕೇಬಲಿನಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಕಿಡಿಗಳು ಹಾರುತ್ತಿದ್ದವು, ಕೆಲವೊಮ್ಮೆ ಎರಡು ಸೆಕೆಂಡು ಪರದೆ ಪೂರ್ತಿ ಕಪ್ಪಾಗಿ ಮರಳಿ ಬರುತ್ತಿತ್ತು. 18 ಗಿಗಾಬಿಟ್‌ನ ಸಂಕೇತವನ್ನು ಬರಿಯ ತಾಮ್ರದ ತಂತಿಯಲ್ಲಿ ಐದು ಮೀಟರಿಗಿಂತ ದೂರ ಕಳುಹಿಸುವುದು ಕಷ್ಟ. ಅಷ್ಟು ಉದ್ದ ಬೇಕಾದವರು ಬೆಳಕಿನ ಎಳೆಯಿರುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಕೊಳ್ಳಬೇಕು, ಅದನ್ನು ಹಾಕುವಾಗ ಯಾವ ತುದಿ ಟಿವಿಗೆ, ಯಾವುದು ಲ್ಯಾಪ್‌ಟಾಪಿಗೆ ಎಂದು ಬರೆದಿರುವುದನ್ನು ನೋಡಿಕೊಳ್ಳಬೇಕು, ತಿರುಗಿಸಿ ಹಾಕಿದರೆ ಚಿತ್ರ ಬರುವುದಿಲ್ಲ. ಕೊನೆಗೆ ಉಳಿದದ್ದು ಮೂರು ಮೀಟರಿನ 700 ರೂಪಾಯಿಯ ಕೇಬಲ್. ಅಂಗಡಿಗಳಲ್ಲಿ '2.0 ಕೇಬಲ್', '2.1 ಕೇಬಲ್' ಎಂದು ಕೇಳುವುದು, ಕೊಡುವುದು ರೂಢಿಯಾಗಿದೆಯಾದರೂ ಕೇಬಲುಗಳಿಗೆ ಅಧಿಕೃತವಾಗಿ ಆವೃತ್ತಿ ಸಂಖ್ಯೆಯೇ ಇಲ್ಲ. ಹೈ ಸ್ಪೀಡ್, ಪ್ರೀಮಿಯಂ ಹೈ ಸ್ಪೀಡ್, ಅಲ್ಟ್ರಾ ಹೈ ಸ್ಪೀಡ್ ಎಂಬವು ಅವುಗಳ ದರ್ಜೆಗಳು. ಇವುಗಳಲ್ಲಿ 18 ಗಿಗಾಬಿಟ್‌ಗೆ ಪರೀಕ್ಷಿಸಲ್ಪಟ್ಟದ್ದು ಪ್ರೀಮಿಯಂ, ಅದರ ಡಬ್ಬದ ಮೇಲೆ ಫೋನಿನಿಂದ ಸ್ಕ್ಯಾನ್ ಮಾಡಿ ನೋಡಬಹುದಾದ ಚೀಟಿ ಇರುತ್ತದೆ. ಚಿನ್ನದ ಲೇಪ ಚಿತ್ರವನ್ನು ಒಂದಿಷ್ಟೂ ಸುಧಾರಿಸುವುದಿಲ್ಲ. ಹಾಗಿದ್ದರೂ ಕಡಲ ಗಾಳಿ ಬೀಸುವ ನಮ್ಮ ಊರಲ್ಲಿ ಬೀಗದ ಕೈಯೂ ವರ್ಷದೊಳಗೆ ತುಕ್ಕು ಹಿಡಿಯುತ್ತದೆಂಬುದನ್ನು ನೆನೆದರೆ, ತುಕ್ಕು ಹಿಡಿಯದ ಲೇಪಕ್ಕೆ ಐವತ್ತು ರೂಪಾಯಿ ಹೆಚ್ಚು ಕೊಡುವುದರಲ್ಲಿ ತಪ್ಪೇನಿಲ್ಲ.

ಇಷ್ಟೆಲ್ಲ ಸರಿಯಾದ ಮೇಲೂ ಮೊದಲ ದಿನ ಟಿವಿಯಲ್ಲಿ ಕಂಡ ಚಿತ್ರ ನನ್ನ ಮನಸ್ಸಿಗೆ ಬರಲಿಲ್ಲ. ಪರದೆಯ ಕೆಳಗಿನ ಪಟ್ಟಿ ಅರ್ಧ ಕತ್ತರಿಸಿಹೋಗಿತ್ತು, ಕೆಂಪು ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲೆ ಬರೆದಂತೆ ಹರಡಿಕೊಂಡಿತ್ತು. ದೋಷ ಅಡಾಪ್ಟರಿನದೂ ಅಲ್ಲ, ಕೇಬಲಿನದೂ ಅಲ್ಲ. ಹೆಚ್ಚಿನವರು ಇನ್ನೊಂದು ಕೇಬಲ್ ಕೊಳ್ಳಲು ಹೊರಡುವುದು ಈ ಹಂತದಲ್ಲಿಯೇ, ಆದರೆ ಗುಟ್ಟು ಇರುವುದು ಟಿವಿಯ ಸೆಟ್ಟಿಂಗಿನಲ್ಲಿ. ಹಳೆಯ ದಪ್ಪ ಟಿವಿಗಳಲ್ಲಿ ಚಿತ್ರದ ಅಂಚು ನೇರವಾಗಿ ನಿಲ್ಲುತ್ತಿರಲಿಲ್ಲವಾದ್ದರಿಂದ ಚಿತ್ರವನ್ನು ತುಸು ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುವ ಪದ್ಧತಿಯಿತ್ತು. ಆ ಟಿವಿಗಳು ಗುಜರಿಗೆ ಹೋಗಿ ಎಷ್ಟೋ ವರ್ಷಗಳಾದವು, ಪದ್ಧತಿ ಮಾತ್ರ ಚಪ್ಪಟೆ ಟಿವಿಗಳಲ್ಲಿಯೂ ಉಳಿದುಕೊಂಡಿದೆ. ಚಿತ್ರದ ಗಾತ್ರದ ಸೆಟ್ಟಿಂಗಿನಲ್ಲಿ ಎಲ್‌ಜಿಯವರು ಜಸ್ಟ್ ಸ್ಕ್ಯಾನ್ ಎಂದೂ ಸೋನಿಯವರು ಫುಲ್ ಪಿಕ್ಸೆಲ್ ಎಂದೂ ಸ್ಯಾಮ್‌ಸಂಗಿನವರು ಫಿಟ್ ಟು ಸ್ಕ್ರೀನ್ ಎಂದೂ ಕರೆಯುವ ಆಯ್ಕೆಯನ್ನು ಹಾಕಿದರೆ ಚುಕ್ಕೆಗೆ ಚುಕ್ಕೆ ಸರಿಹೊಂದಿ ನಾಲ್ಕೂ ಅಂಚುಗಳು ಕಾಣುತ್ತವೆ.

ಹರಡಿದ ಅಕ್ಷರಗಳಿಗೆ ಬೇರೆ ಮದ್ದು. ಟಿವಿಗಳು ಸಾಮಾನ್ಯವಾಗಿ ಬಂದ ಚಿತ್ರವನ್ನು ಸಿನಿಮಾ ಎಂದೇ ತಿಳಿದು, ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಂಡು ಬಣ್ಣದ ವಿವರವನ್ನು ಅರ್ಧಕ್ಕೋ ಕಾಲಕ್ಕೋ ಇಳಿಸುತ್ತವೆ. ಮನುಷ್ಯರ ಮುಖ, ಮರಗಿಡಗಳಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಸಣ್ಣ ಬಣ್ಣದ ಅಕ್ಷರಗಳಲ್ಲಿ ಎದ್ದು ಕಾಣುತ್ತದೆ. ಎಲ್‌ಜಿ, ಸ್ಯಾಮ್‌ಸಂಗ್ ಟಿವಿಗಳಲ್ಲಿ ಆ ಎಚ್‌ಡಿಎಂಐ ಪೋರ್ಟಿನ ಹೆಸರನ್ನು ಅಥವಾ ಚಿಹ್ನೆಯನ್ನು ಪಿಸಿ ಎಂದು ಬದಲಿಸಿದರೆ, ಅಂದರೆ ಅಲ್ಲಿ ಕೂತಿರುವುದು ಕಂಪ್ಯೂಟರ್ ಎಂದು ಟಿವಿಗೆ ಹೇಳಿದರೆ, ಬಣ್ಣವನ್ನು ಕುಗ್ಗಿಸುವ ಆ ಕೆಲಸ ನಿಲ್ಲುತ್ತದೆ. ಬರಿಯ ಹೆಸರು ಬದಲಿಸಿದ್ದಕ್ಕೆ ಚಿತ್ರ ಬದಲಾಗುತ್ತದೆ ಎಂಬುದನ್ನು ನಾನು ನಂಬಿರಲಿಲ್ಲ. ಕನ್ನಡದ ಒತ್ತಕ್ಷರಗಳು ಸ್ಪಷ್ಟವಾದಾಗ ನಂಬಬೇಕಾಯಿತು. ಇದರ ಜೊತೆಗೆ ಆ ಪೋರ್ಟಿಗೆ ಪೂರ್ತಿ 18 ಗಿಗಾಬಿಟ್ ಬರಲು ಬಿಡುವ ಇನ್ನೊಂದು ಸ್ವಿಚ್ಚು ಸೆಟ್ಟಿಂಗಿನಲ್ಲಿ ಅಡಗಿರುತ್ತದೆ: ಎಲ್‌ಜಿಯಲ್ಲಿ ಅದು ಡೀಪ್ ಕಲರ್, ಸ್ಯಾಮ್‌ಸಂಗಿನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಸೋನಿಯಲ್ಲಿ ಸಿಗ್ನಲ್ ಫಾರ್ಮ್ಯಾಟಿನ ಎನ್‌ಹಾನ್ಸ್ಡ್ ಆಯ್ಕೆ. ಅದು ಮುಚ್ಚಿದ್ದರೆ ಒಳ್ಳೆಯ ಅಡಾಪ್ಟರಿಗೂ 30 ಹರ್ಟ್ಸಿನ ಗತಿಯೇ ಬರಬಹುದು. ಎಆರ್‌ಸಿ ಎಂದು ಬರೆದಿರುವ, ಟಿವಿಯ ಶಬ್ದವನ್ನು ಹೊರಗೆ ಕಳುಹಿಸಬಲ್ಲ ಪೋರ್ಟನ್ನು ಸೌಂಡ್‌ಬಾರಿಗೆ ಬಿಟ್ಟು ಲ್ಯಾಪ್‌ಟಾಪನ್ನು ಬೇರೊಂದಕ್ಕೆ ಹಾಕುವುದು ಒಳ್ಳೆಯದು. 32 ಇಂಚಿನ ಎಚ್‌ಡಿ ರೆಡಿ ಟಿವಿ ಇರುವವರು ಮಾತ್ರ ಅಕ್ಷರಗಳ ಆಸೆಯನ್ನು ತುಸು ಬಿಡಬೇಕು. ಅಂಥ ಹೆಚ್ಚಿನ ಟಿವಿಗಳ ಪರದೆಯಲ್ಲಿರುವುದೇ 1366 ಅಡ್ಡ, 768 ಉದ್ದದ ಚುಕ್ಕೆಗಳು. ಯಾವ ದುಬಾರಿ ಕೇಬಲೂ ಅದಕ್ಕೆ ಹೊಸ ಚುಕ್ಕೆಗಳನ್ನು ಸೇರಿಸಲಾರದು.

ಲ್ಯಾಪ್‌ಟಾಪಿನ ಬದಿಯ ಕೆಲಸ ಇದರಷ್ಟು ಗೊಂದಲದ್ದಲ್ಲ. ವಿಂಡೋಸ್ ಕೀಲಿಯನ್ನು ಹಿಡಿದು ಪಿ ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ. ಎರಡೂ ಪರದೆಗಳಲ್ಲಿ ಒಂದೇ ಚಿತ್ರ ತೋರಿಸುವ ಡುಪ್ಲಿಕೇಟ್ ಆಯ್ಕೆಯನ್ನು ಎಲ್ಲರೂ ಮೊದಲು ಒತ್ತುತ್ತಾರೆ. ಆಗ ಎರಡಕ್ಕೂ ಒಗ್ಗುವ ಗಾತ್ರವನ್ನು ವಿಂಡೋಸ್ ಹುಡುಕುವುದರಿಂದ ಟಿವಿಗೆ ಅದರ ಪೂರ್ತಿ ಸಾಮರ್ಥ್ಯದ ಚಿತ್ರ ಸಿಗದೆ ಹೋಗಬಹುದು. ಟಿವಿಯಲ್ಲಷ್ಟೇ ಚಿತ್ರ ತೋರಿಸುವ ಆಯ್ಕೆಯೋ ಟಿವಿಯನ್ನು ಎರಡನೆಯ ಪರದೆಯಾಗಿಸುವ ಎಕ್ಸ್‌ಟೆಂಡೋ ಉತ್ತಮ. ಎಕ್ಸ್‌ಟೆಂಡ್ ಮಾಡಿದರೆ ಟಿವಿಯಲ್ಲಿ ಆಟ ನಡೆಯುತ್ತಿರುವಾಗ ನಾನು ಲ್ಯಾಪ್‌ಟಾಪಿನಲ್ಲಿ ನನ್ನ ಕೆಲಸ ಮಾಡಿಕೊಳ್ಳಬಹುದು. ಮೂರು ಮೀಟರ್ ದೂರದಿಂದ ನೋಡುವಾಗ 4ಕೆ ಟಿವಿಯಲ್ಲಿ ಅಕ್ಷರಗಳು ಸಾಸಿವೆಯಂತೆ ಕಾಣುವುದರಿಂದ ಡಿಸ್‌ಪ್ಲೇ ಸೆಟ್ಟಿಂಗಿನ ಸ್ಕೇಲನ್ನು ಶೇಕಡಾ 250ಕ್ಕೆ ಏರಿಸಿದ್ದೇನೆ. ಶಬ್ದ ಟಿವಿಯಿಂದ ಬರದೆ ಲ್ಯಾಪ್‌ಟಾಪಿನಿಂದಲೇ ಬರುತ್ತಿದ್ದರೆ ಪರದೆಯ ಮೂಲೆಯ ಸ್ಪೀಕರ್ ಚಿಹ್ನೆಯನ್ನು ಒತ್ತಿ ಟಿವಿಯ ಹೆಸರನ್ನು ಆರಿಸಿಕೊಂಡರೆ ಮುಗಿಯಿತು.

ಹಳೆಯ ಟೇಪುಗಳನ್ನು ನೋಡುವವರಿಗೆ ಇನ್ನೂ ಒಂದು ಸಂಗತಿ ಹೇಳಬೇಕು, ಏಕೆಂದರೆ ಇದನ್ನು ಕಂಡುಹಿಡಿಯಲು ನನಗೆ ಎರಡು ವಾರ ಹಿಡಿಯಿತು. ಧೀಂಗಿಣದ ಹೊತ್ತಿಗೆ, ವೇಷಧಾರಿ ಗಾಳಿಯಲ್ಲಿ ಸುತ್ತುವಾಗ, ಚಿತ್ರ ಸಣ್ಣಗೆ ಕುಲುಕಿದಂತೆ ಆಗುತ್ತದೆ ಎಂದು ತಂದೆ ಪದೇ ಪದೇ ಹೇಳುತ್ತಿದ್ದರು. ನನಗೆ ಅದು ಕಾಣುತ್ತಲೇ ಇರಲಿಲ್ಲ. ನಮ್ಮ ದೇಶದ ಹಳೆಯ ಟಿವಿ ಮತ್ತು ಟೇಪುಗಳು ಪಾಲ್ ಎಂಬ ಪದ್ಧತಿಯವು. ಅದರಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು, 576 ಗೆರೆಗಳು ಇರುತ್ತವೆ. 60ನ್ನು 25ರಿಂದ ಭಾಗಿಸಿದರೆ ಸರಿಯಾಗಿ ಹೋಗುವುದಿಲ್ಲವಾದ್ದರಿಂದ ಕೆಲವು ಚೌಕಟ್ಟುಗಳು ಎರಡು ಸಲ, ಕೆಲವು ಮೂರು ಸಲ ಕಾಣಿಸಿಕೊಳ್ಳುತ್ತವೆ, ಆ ಅಸಮ ಹೆಜ್ಜೆಯೇ ಕುಲುಕು. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಟಿವಿಯ ದರವನ್ನು 60ರಿಂದ 50 ಹರ್ಟ್ಸಿಗೆ ಇಳಿಸಿದೆ, ಪ್ರತಿಯೊಂದು ಚೌಕಟ್ಟೂ ಸರಿಯಾಗಿ ಎರಡೆರಡು ಸಲ ಬಂತು, ತಂದೆ ಕುಲುಕಿನ ಮಾತನ್ನು ಮತ್ತೆ ಎತ್ತಲಿಲ್ಲ. ಕೈಕಾಲು ಬೀಸುವಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಕಂಡರೆ ವೀಡಿಯೊ ನೋಡಲು ಬಳಸುವ ವಿಎಲ್‌ಸಿ ಪ್ಲೇಯರಿನಲ್ಲಿ ಡಿ ಅಕ್ಷರವನ್ನು ಒತ್ತಿದರೆ ಅವೂ ಹೋಗುತ್ತವೆ. ಟಿವಿ ಹಳೆಯ ಚೌಕದ ಚಿತ್ರವನ್ನು ಅಡ್ಡಕ್ಕೆ ಎಳೆದು ತುಂಬಿಸುತ್ತಿದ್ದರೆ ಅದನ್ನೂ ತಪ್ಪಿಸಬೇಕು, ಇಲ್ಲವಾದರೆ ಕರ್ಣನೂ ಅರ್ಜುನನೂ ಕುಳ್ಳಗೆ ಉಬ್ಬಿಕೊಂಡು ರಂಗಕ್ಕೆ ಬರುತ್ತಾರೆ.

ಈಗ ತಂತಿಯಿಲ್ಲದ ದಾರಿ. ವೈ-ಫೈ ಅಲಯನ್ಸ್ ಎಂಬ ಸಂಘಟನೆ 2012ರಲ್ಲಿ ಪರದೆಯ ಚಿತ್ರವನ್ನು ಗಾಳಿಯಲ್ಲಿ ಕಳುಹಿಸುವ ಮಿರಾಕಾಸ್ಟ್ ಮಾನದಂಡವನ್ನು ತಂದಿತು, ವಿಂಡೋಸ್ 8.1ರಿಂದ ಮುಂದಿನ ಆವೃತ್ತಿಗಳಲ್ಲಿ ಅದು ಒಳಗೆಯೇ ಇದೆ. ವಿಂಡೋಸ್ ಕೀಲಿಯ ಜೊತೆ ಕೆ ಒತ್ತಿದರೆ ಟಿವಿಯ ಹೆಸರು ಕಾಣುತ್ತದೆ, ಆರಿಸಿದರೆ ಜೋಡಣೆಯಾಗುತ್ತದೆ. ಮನೆಯ ರೂಟರಿನ ಅಗತ್ಯವಿಲ್ಲದೆ ಲ್ಯಾಪ್‌ಟಾಪೂ ಟಿವಿಯೂ ನೇರವಾಗಿ ಮಾತಾಡಿಕೊಳ್ಳುವುದರಿಂದ ಇಂಟರ್ನೆಟ್ ಹೋದರೂ ಇದು ನಡೆಯುತ್ತದೆ. ಕ್ರೋಮ್ ಬ್ರೌಸರಿನ ಕಾಸ್ಟ್ ಇನ್ನೊಂದು ಬಗೆಯದು, ಅದಕ್ಕೆ ಎರಡೂ ಒಂದೇ ವೈ-ಫೈಯಲ್ಲಿ ಇರಬೇಕು. ಫೋಟೊಗಳನ್ನು ತೋರಿಸುವುದಕ್ಕೆ, ಮದುವೆಯ ಆಲ್ಬಂ ನೋಡುವುದಕ್ಕೆ, ಅಕ್ಕನ ಮಗನ ಶಾಲೆಯ ಪ್ರಾಜೆಕ್ಟ್ ತೋರಿಸುವುದಕ್ಕೆ ಇದಕ್ಕಿಂತ ಸುಲಭವಾದದ್ದು ಇಲ್ಲ. ಒಂದು ಪೈಸೆಯ ಖರ್ಚೂ ಇಲ್ಲ. ಆದರೆ ಚಿತ್ರವನ್ನು ಕುಗ್ಗಿಸಿ, ಗಾಳಿಯಲ್ಲಿ ಕಳುಹಿಸಿ, ಮತ್ತೆ ಹಿಗ್ಗಿಸುವಷ್ಟರಲ್ಲಿ ಸ್ವಲ್ಪ ಕಾಲ ಹಿಂದೆ ಬೀಳುತ್ತದೆ. ಮೌಸು ಸರಿಸಿದ ಮೇಲೆ ಬಾಣ ಬರುವುದು ಕಣ್ಣಿಗೇ ತಿಳಿಯುತ್ತದೆ. ಪಕ್ಕದ ಮನೆಗಳ ವೈ-ಫೈಗಳು ಒತ್ತೊತ್ತಾಗಿರುವ ಫ್ಲ್ಯಾಟುಗಳಲ್ಲಿ, ಸುರತ್ಕಲ್ಲಿನ ಭಾವನ ಮನೆಯಲ್ಲಿ ನಾನು ಕಂಡಂತೆ, ಸಂಜೆ ಏಳರ ನಂತರ ಚಿತ್ರ ಆಗಾಗ ಚೌಕಚೌಕವಾಗಿ ಒಡೆಯುತ್ತದೆ. ನಕಲು ತಡೆಯುವ ಎಚ್‌ಡಿಸಿಪಿ ರಕ್ಷಣೆಯಿರುವ ಸಿನಿಮಾ ಆ್ಯಪುಗಳು ಕೆಲವು ಜೋಡಣೆಗಳಲ್ಲಿ ಶಬ್ದವನ್ನು ಮಾತ್ರ ಕೊಟ್ಟು ಪರದೆಯನ್ನು ಕಪ್ಪಾಗಿಸುತ್ತವೆ. ಆಗ ಸೆಟ್ಟಿಂಗಿನಲ್ಲಿ ಹುಡುಕಾಡಿ ಫಲವಿಲ್ಲ.

ಬ್ಲೂಟೂತ್ ಸ್ಪೀಕರಿನ ವಿಷಯದಲ್ಲಿ ನನ್ನ ತೀರ್ಪು ಹೆಚ್ಚು ಕಠಿಣ. ಟಿವಿಯ ಶಬ್ದ ತೆಳು ಎಂದು ಒಂದು ರಾತ್ರಿ ಲ್ಯಾಪ್‌ಟಾಪಿನಿಂದ ಬ್ಲೂಟೂತ್ ಸ್ಪೀಕರಿಗೆ ಶಬ್ದ ಕಳುಹಿಸಿದೆ. ಭಾಗವತರ ಪದ ಕಿವಿ ತುಂಬಿ ಬಂತು, ಐದು ನಿಮಿಷವೂ ಆಗಿರಲಿಲ್ಲ, ತಂದೆ ಕೈಯೆತ್ತಿದರು: "ಪೆಟ್ಟು ಒಂದು ಕಡೆ, ಕಾಲು ಒಂದು ಕಡೆ ಆಯ್ತಲ್ಲ ಮಗಾ, ಇದೆಂತ ತಾಳ?" ಬ್ಲೂಟೂತ್ ಶಬ್ದ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಹೆಚ್ಚು ತಡವಾಗಿ ಬರಬಹುದು. ಮಾತಿನ ದೃಶ್ಯದಲ್ಲಿ ನಾವು ಅದನ್ನು ಸಹಿಸಿಕೊಳ್ಳುತ್ತೇವೆ, ಚೆಂಡೆಮದ್ದಳೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಬೀಳಬೇಕಾದಲ್ಲಿ ಅದು ಸಹಿಸಲಾಗದ ತಪ್ಪು. ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಲಿಗಳು ಶಬ್ದವನ್ನು ಒಂದೊಂದು ಒತ್ತಿಗೆ 50 ಮಿಲಿಸೆಕೆಂಡಿನಂತೆ ಹಿಂದೆ ಮುಂದೆ ಸರಿಸುತ್ತವೆ. ತಂದೆ ಕಣ್ಣು ಮುಚ್ಚದೆ, ತೊಡೆಯ ಮೇಲೆ ತಾಳ ಹಾಕುತ್ತ, "ಇನ್ನೊಂದು, ಇನ್ನೊಂದು, ಸಾಕು" ಎಂದರು. ಮೂರು ಒತ್ತಿಗೆ, ಅಂದರೆ 150 ಮಿಲಿಸೆಕೆಂಡಿಗೆ ಸರಿಹೋಯಿತು. ಮರುದಿನ ಬ್ಲೂಟೂತನ್ನು ಬಿಟ್ಟು ಟಿವಿಯ ಎಆರ್‌ಸಿ ಪೋರ್ಟಿನಿಂದ ತಂತಿಯ ಮೂಲಕವೇ ಸೌಂಡ್‌ಬಾರಿಗೆ ಶಬ್ದ ಕೊಟ್ಟ ಮೇಲೆ ಆ ಕೀಲಿಗಳನ್ನು ಮುಟ್ಟುವ ಅಗತ್ಯವೂ ಬೀಳಲಿಲ್ಲ.

ಹಾಗಾಗಿ ಖರ್ಚಿನ ಮಾತಿಗೆ ಬಂದರೆ, 60 ಹರ್ಟ್ಸಿನ ಅಡಾಪ್ಟರಿಗೂ ಮೂರು ಮೀಟರಿನ ಕೇಬಲಿಗೂ ಸೇರಿ ಕೊಟ್ಟ 1,950 ರೂಪಾಯಿ ನನಗೆ ನ್ಯಾಯವಾಗಿ ಕಂಡಿದೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಒಂದು ಅಂಕ ಆ ಬಿಗಿ ಬಾಲಕ್ಕಾಗಿ ಕಳೆದದ್ದು. ಮೊದಲ ಅಡಾಪ್ಟರಿಗೆ ಒಂದೂವರೆ. ಮಿರಾಕಾಸ್ಟಿಗೆ ಫೋಟೊಗಳ ಮಟ್ಟಿಗೆ ನಾಲ್ಕು, ಆಟ ನೋಡುವುದಕ್ಕೆ ಎರಡು. ಹಂಪನಕಟ್ಟೆಯ ಅಂಗಡಿಗೆ ಅಂಕ ಕೊಡುವ ಬದಲು ಭಾವನನ್ನೂ ಅಲ್ಲಿಗೇ ಕಳುಹಿಸಿದ್ದೇನೆ.

ಅಲ್ಲಿಂದ ಹೊರಡುವಾಗ ಆ ಹಿರಿಯರು ಕೇಳದೆಯೇ ಹೇಳಿದ ಇನ್ನೊಂದು ಮಾತಿದೆ: "ಮಿಂಚು ಬಂದ್ರೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ವಯರೇ ತೆಗೀಬೇಕು." ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮತ್ತು ಮಳೆಗಾಲ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ನಮ್ಮ ಕರಾವಳಿಯಲ್ಲಿ ಗುಡುಗು ಜೋರು. ಮಾಡಿನ ಮೇಲಿನ ಡಿಶ್ಶಿನ ತಂತಿಯಿಂದ ಇಳಿದ ವಿದ್ಯುತ್ತಿನ ಹೊಡೆತ ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಕೇಬಲಿನ ಮೂಲಕ ಟಿವಿಗೆ, ಟಿವಿಯಿಂದ ಇನ್ನೊಂದು ಕೇಬಲಿನ ಮೂಲಕ ಲ್ಯಾಪ್‌ಟಾಪಿಗೆ ಹೋಗಲು ಒಂದೇ ಕ್ಷಣ ಸಾಕು, ಆಗ ಸುಡುವುದು ಆ ಸಣ್ಣ ಪೋರ್ಟುಗಳೇ. ಈಗ ಪಡುವಣದಲ್ಲಿ ಮೋಡ ಕಪ್ಪಾದರೆ ತಂದೆ ಪ್ರಸಂಗ ಎಲ್ಲಿಗೇ ಬಂದಿರಲಿ ನಿಲ್ಲಿಸಿ, ಕೇಬಲನ್ನು ಕಳಚಿ, ಶೋಕೇಸಿನ ಬದಿಯ ಮೊಳೆಗೆ ಸುರುಳಿ ಸುತ್ತಿ ತೂಗುಹಾಕುತ್ತಾರೆ.